ಪಾದ್ರಿಯಿಲ್ಲದ ಭಾನುವಾರ

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಮೂರು ದಿನ ಸುತ್ತಿದೆ. ಸರೋವರಗಳು ಚೆನ್ನಾಗಿವೆ, ಜನ ವಿಪರೀತ. ಅದನ್ನು ಬೇರೆಯವರು ಬರೆದಿದ್ದಾರೆ, ಬಿಡಿ. ನಾನು ಹೇಳಬೇಕಿರುವುದು ನಾಲ್ಕನೇ ದಿನದ ಬಗ್ಗೆ.

ಸೆಡ್ಬರ್ಗ್ ಊರಿನಿಂದ ಒಂದು ಮೈಲಿ ಚಿಲ್ಲರೆ ನಡೆದರೆ ಬ್ರಿಗ್‌ಫ್ಲಾಟ್ಸ್. ಅಲ್ಲೊಂದು ಸುಣ್ಣ ಬಳಿದ ಕಲ್ಲುಮನೆ. ಕ್ರೈಸ್ತರಲ್ಲೇ ಒಂದು ಪಂಥದವರಾದ ಕ್ವೇಕರ್‌ಗಳು 1675ರಲ್ಲಿ ಕಟ್ಟಿಕೊಂಡ ಸಭಾಮನೆ. ಆಗ ಹಾಗೆ ಸಭೆ ಸೇರುವುದೇ ಅಪರಾಧ. ಕಾನೂನು ಸಡಿಲವಾದದ್ದು 1689ರಲ್ಲಿ. ಹತ್ತಿರದ ಫರ್ಬ್ಯಾಂಕ್ ಫೆಲ್ ಗುಡ್ಡದಲ್ಲಿ 1652ರಲ್ಲಿ ಈ ಪಂಥ ಹುಟ್ಟುಹಾಕಿದ ಜಾರ್ಜ್ ಫಾಕ್ಸ್ ಬಂಡೆ ಹತ್ತಿ ಸುಮಾರು ಸಾವಿರ ಜನಕ್ಕೆ ಮಾತಾಡಿದ್ದನಂತೆ. ದೇವರ ಹತ್ತಿರ ಹೋಗಲು ನಡುವೆ ಪಾದ್ರಿ ಬೇಕಿಲ್ಲ ಅನ್ನುವುದು ಅವನ ವಾದ.

ಒಳಗೆ ಶಿಲುಬೆ ಇಲ್ಲ, ಬಲಿಪೀಠ ಇಲ್ಲ. ಹಳೇ ಮರದ ಬೆಂಚುಗಳು. ಮೆಟ್ಟಿಲ ಬುಡದಲ್ಲಿ ಒಂದು ಚಿಕ್ಕ ಕಟಕಟೆ. ಕುರಿ ಕಾಯುವವರು ಸಭೆಗೆ ಬಂದಾಗ ನಾಯಿಗಳನ್ನು ಅದರೊಳಗೆ ಬಿಡುತ್ತಿದ್ದರಂತೆ! ಟಿಕೆಟ್ ಕೊಟ್ಟು ಕತ್ತು ನೋಯಿಸಿಕೊಂಡು ನೋಡಿದ ಕೆಥೀಡ್ರಲ್‌ಗಳಿಗಿಂತ ನನಗೆ ಇದೇ ಹಿಡಿಸಿತು.

ಭಾನುವಾರದ ಸಭೆಗೆ ಎಲ್ಲರೂ ಕೂತರು. ಯಾರೂ ಶುರು ಮಾಡಲಿಲ್ಲ. ಮಂತ್ರವಿಲ್ಲ, ಹಾಡಿಲ್ಲ. ಮೊದಲ ಹತ್ತು ನಿಮಿಷ ನನ್ನ ಹೊಟ್ಟೆ ಗುರುಗುಟ್ಟುವುದು ಇಡೀ ಕೋಣೆಗೆ ಕೇಳಿಸುತ್ತಿದೆ ಅನ್ನಿಸಿತು. ಆಮೇಲೆ ಹೊರಗಿನ ಕುರಿಗಳ ಸದ್ದು. ಅರ್ಧ ಗಂಟೆ ಕಳೆದ ಮೇಲೆ ಒಬ್ಬರು ಎದ್ದು, ಆಸ್ಪತ್ರೆಯಲ್ಲಿರುವ ಅಣ್ಣನ ಬಗ್ಗೆ ನಾಲ್ಕು ಮಾತು ಹೇಳಿ ಕೂತರು. ಯಾರೂ ಸಮಾಧಾನ ಹೇಳಲಿಲ್ಲ, ತಿರುಗಿ ಕೂಡ ನೋಡಲಿಲ್ಲ. ಅದೇ ಮೌನ ಮುಂದುವರಿಯಿತು. ಆದರೆ ಈಗ ಆ ಅಣ್ಣನೂ ಅಲ್ಲೇ ಎಲ್ಲೋ ಕೂತಿದ್ದಾನೆ ಅನ್ನಿಸುತ್ತಿತ್ತು. ನನ್ನ ಗಂಟಲು ಕಟ್ಟಿತು. ಗುರುತು ಪರಿಚಯ ಇಲ್ಲದವರಿಗಾಗಿ ಯಾಕೆ ಹಾಗಾಯಿತೋ.

ಕೊನೆಗೆ ಇಬ್ಬರು ಹಿರಿಯರು ಕೈ ಕುಲುಕಿದರು. ಸಭೆ ಮುಗಿಯಿತು.

ಚಹಾ ಕುಡಿಯುವಾಗ ಪಕ್ಕದ ಅಜ್ಜಿಯನ್ನು ಕೇಳಿದೆ: "ಇದು ಧ್ಯಾನ ಅಲ್ವಾ? ಮನೆಯಲ್ಲೇ ಮಾಡಬಹುದಲ್ಲ?"

"ಮನೆಯಲ್ಲಿ ನಾನೊಬ್ಬಳೇ ಕೂರುತ್ತೇನೆ. ಇಲ್ಲಿ ಎಲ್ಲರೂ ಸೇರಿ ಕಾಯುತ್ತೇವೆ."

ಮಾತು ಅವರ ಲೆಕ್ಕಪತ್ರ, ರಿಪೇರಿಯ ಸಭೆಗಳ ಕಡೆ ಹೊರಳಿತು. ಅದೂ ಮೌನದಿಂದಲೇ ಶುರುವಂತೆ. ವೋಟು ಹಾಕುವ ಪದ್ಧತಿಯೇ ಇಲ್ಲ. ಕ್ಲರ್ಕ್ ಅನ್ನುವವರು ಸಭೆಯ ಮನಸ್ಸು ಎತ್ತ ಇದೆ ಎಂದು ನೋಡಿ, ನಿರ್ಣಯವನ್ನು ಅಲ್ಲೇ ಬರೆದು ಓದುತ್ತಾರೆ. ಒಪ್ಪಿಗೆಯಾದರೆ ಉಳಿದವರು 'ಹೋಪ್ ಸೋ' ಅನ್ನುತ್ತಾರೆ. 'ಎಸ್' ಅಲ್ಲ!

"ಯಾರಿಗಾದರೂ ಮನಸ್ಸು ಒಪ್ಪದಿದ್ದರೆ?"

"ಮುಂದಿನ ತಿಂಗಳು ನೋಡಿದರಾಯಿತು."

"ಆಗಲೂ ಒಪ್ಪದಿದ್ದರೆ?"

"ಒಂದೊಂದು ಸಲ ಅವರೇ ಸರಿ ಇರುತ್ತಾರೆ," ಎಂದು ಅಜ್ಜಿ ಬಿಸ್ಕೆಟನ್ನು ಚಹಾದಲ್ಲಿ ಅದ್ದಿದರು.

ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟಿನ ಮೀಟಿಂಗ್ ನೆನಪಾಯಿತು. ನೀರಿನ ಟ್ಯಾಂಕರ್ ವಿಷಯಕ್ಕೆ ಕುರ್ಚಿ ತಳ್ಳಿ ಎದ್ದುಹೋಗಿದ್ದು ನಾನೇ.

ಒಂದು ಮಾತು. ಭಾನುವಾರ ಹೋಗುವವರು ಟ್ಯಾಕ್ಸಿಯವರನ್ನು ನಂಬಿ ಕೂರಬೇಡಿ. ವಾಪಸ್ ಹೋಗಲು ನಾನು ಹೇಳಿಟ್ಟಿದ್ದವನು ಬರಲೇ ಇಲ್ಲ, ಫೋನೂ ಎತ್ತಲಿಲ್ಲ. ಮಳೆ ಬೇರೆ. ಅಜ್ಜಿಯೇ ಆಕ್ಸೆನ್‌ಹೋಮ್ ಸ್ಟೇಷನ್ನಿಗೆ ಬಿಟ್ಟರು. ಒಂದು ಗಂಟೆ ತುಟಿ ಬಿಚ್ಚದೆ ಕೂತಿದ್ದ ಹೆಂಗಸು, ದಾರಿಯುದ್ದಕ್ಕೂ ಡೀಸೆಲ್ ಬೆಲೆ, ಮೊಣಕಾಲು ನೋವು, ಪಕ್ಕದ ಮನೆಯವರ ಬೆಕ್ಕು ಅಂತ ಒಂದೇ ಸಮನೆ ಮಾತಾಡಿದರು. ನನಗೆ ನಡುವೆ ಬಾಯಿ ಹಾಕಲು ಜಾಗವೇ ಸಿಗಲಿಲ್ಲ.