ಡಾಲ್ಟನ್ ಹೈವೇಲಿ ನೂರರವತ್ತು ಅಕ್ಷರ

ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ಗೆ ಬಂದಿಳಿದ ದಿನ ನನ್ನ ಕಣ್ಣಿಗೆ ಮೊದಲು ಬಿದ್ದಿದ್ದು ಮನೆಗಳ ಮೇಲಿನ ಡಿಶ್ ಆಂಟೆನಾಗಳು. ನಮ್ಮೂರು ಸಿದ್ದಾಪುರ ತಾಲೂಕಿನ ಕಡೆ ಡಿಶ್ ಅಂದ್ರೆ ಆಕಾಶಕ್ಕೆ ಮುಖ ಎತ್ತಿ ನಿಂತಿರುತ್ತಲ್ಲ, ಇಲ್ಲಿ ಎಲ್ಲವೂ ತಲೆ ತಗ್ಗಿಸಿ ಅಂಗಳ ನೋಡ್ತಾ ಇರೋ ಹಾಗಿದ್ವು. ಟಿವಿ ಸ್ಯಾಟಲೈಟ್ ಇರೋದು ಸಮಭಾಜಕ ವೃತ್ತದ ಮೇಲೆ, 35,786 ಕಿ.ಮೀ. ಎತ್ತರದಲ್ಲಿ, ನಾವು ಉತ್ತರಕ್ಕೆ ಹೋದಷ್ಟೂ ಅದು ದಕ್ಷಿಣದಲ್ಲಿ ಕೆಳಗೆ ಇಳೀತಾ ಹೋಗುತ್ತೆ, ಎದುರಿಗೊಂದು ಗುಡ್ಡ ಬಂದ್ರೆ ಮುಗೀತು.

2025ರ ಆಗಸ್ಟ್ ಕೊನೇ ವಾರ ಅದು. ಸಿಯಾಟಲ್‌ನಿಂದ ನಾವು ಮೂರು ಜನ ಗೆಳೆಯರು ಅಲಾಸ್ಕಾದ ಡಾಲ್ಟನ್ ಹೈವೇ ನೋಡ್ಬೇಕು ಅಂತ ಹೊರಟಿದ್ವಿ. 414 ಮೈಲಿ ಉದ್ದದ ರಸ್ತೆ, ಬಹುಪಾಲು ಜಲ್ಲಿ ರಸ್ತೆನೇ, ತೈಲದ ಪೈಪ್‌ಲೈನ್ ಹಾಕೋಕೆ ಅಂತ 1974ರಲ್ಲಿ ಬರೀ ಐದು ತಿಂಗಳಲ್ಲಿ ಮಾಡಿದ್ದು. ಮಧ್ಯದಲ್ಲಿ ಕೋಲ್ಡ್‌ಫುಟ್ ಅಂತ ಒಂದು ಜಾಗ, ಅಲ್ಲಿ ಪೆಟ್ರೋಲ್ ಊಟ ಹಾಸಿಗೆ ಸಿಗುತ್ತೆ, ಅದಾದ ಮೇಲೆ 240 ಮೈಲಿ ಪೆಟ್ರೋಲ್ ಇಲ್ಲ. ಫೋನ್ ಸಿಗ್ನಲ್ಲಂತೂ ಫೇರ್‌ಬ್ಯಾಂಕ್ಸ್ ದಾಟಿ ಸ್ವಲ್ಪ ದೂರಕ್ಕೇ ಹೋಗ್ಬಿಡುತ್ತೆ. ಹೆಂಡ್ತಿ ಹೊರಡೋವಾಗ ಹೇಳಿದ್ದು ಒಂದೇ ಮಾತು, "ಫೋಟೋ ಬೇಡ ಏನೂ ಬೇಡ, ಆರಾಮಿದೀರಿ ಅಂತ ಗೊತ್ತಾಗ್ತಾ ಇರ್ಲಿ ಸಾಕು."

ಅದಕ್ಕೇ ಸ್ಯಾಟಲೈಟ್ ಮೂಲಕ ಮೆಸೇಜ್ ಕಳಿಸೋ ಗಾರ್ಮಿನ್ ಇನ್‌ರೀಚ್ ಮಿನಿ ತಗೊಂಡಿದ್ದೆ. ನೂರು ಗ್ರಾಂ ತೂಕ, ಅಂಗೈಯಲ್ಲಿ ಮುಚ್ಕೊಳ್ಳೋ ಅಷ್ಟು, ತಲೆ ಮೇಲೆ ಕಪ್ಪಗೆ ಮೋಟು ಆಂಟೆನಾ, ಪಕ್ಕದಲ್ಲಿ ಮುಚ್ಚಳದ ಒಳಗೆ ಎಸ್‌ಒಎಸ್ ಗುಂಡಿ. ಒಂದು ಮೆಸೇಜಿಗೆ 160 ಅಕ್ಷರ. ನಾವು ಕನ್ನಡವನ್ನ ಇಂಗ್ಲಿಷ್ ಅಕ್ಷರದಲ್ಲೇ ಹೊಡೀತಿದ್ವಿ, ಯಾಕಂದ್ರೆ ಮಾಮೂಲಿ ಎಸ್‌ಎಂಎಸ್‌ನಲ್ಲೇ ಕನ್ನಡ ಲಿಪಿ ಹಾಕಿದ್ರೆ 160 ಹೋಗಿ 70 ಆಗುತ್ತೆ. ನಮ್ಮ ಭಾಷೆಗೆ ಇದೊಂದು ಹಳೇ ಅನ್ಯಾಯ, ಯಾರೂ ಬೇಕು ಅಂತ ಮಾಡಿದ್ದಲ್ಲ, ಆದ್ರೂ ಪ್ರತಿ ಸಲ ಬೇಜಾರಾಗುತ್ತೆ.

ಇನ್ನೊಬ್ಬ ಗೆಳೆಯ ಇದ್ಯಾಕೆ ದಂಡ, ನನ್ನ ಫೋನಲ್ಲೇ ಸ್ಯಾಟಲೈಟ್ ಮೆಸೇಜ್ ಇದೆ ಅಂದಿದ್ದ. ಯೂಕಾನ್ ನದಿಯ ಮರದ ಹಲಗೆ ಹಾಸಿದ ಸೇತುವೆ ದಾಟಿ ನಿಲ್ಲಿಸಿದಾಗ ಫೋನನ್ನ ಆಕಾಶಕ್ಕೆ ಹಿಡಿದು ಎಡಕ್ಕೆ ತಿರುಗು ಬಲಕ್ಕೆ ತಿರುಗು ಅಂತ ಅದು ಹೇಳಿದ ಹಾಗೆಲ್ಲ ತಿರುಗಿದ, ಕಾಲು ಗಂಟೆ ಆದ್ರೂ ಮೆಸೇಜ್ ಹೋಗ್ಲಿಲ್ಲ. ಫೋನ್ ಕೆಟ್ಟಿರಲಿಲ್ಲ. ಅದು ನಂಬ್ಕೊಂಡಿರೋ ಸ್ಯಾಟಲೈಟ್‌ಗಳು ಓರೆ ಕಕ್ಷೆಯಲ್ಲಿ ಸುತ್ತೋದು, ಧ್ರುವದ ತನಕ ಬರಲ್ಲ, 62 ಡಿಗ್ರಿ ಅಕ್ಷಾಂಶದ ಮೇಲೆ ಕೆಲಸ ಮಾಡದೇ ಇರಬಹುದು ಅಂತ ಕಂಪನಿಯವರೇ ಬರೆದಿದಾರೆ. ನಾವು ಆಗ್ಲೇ 65 ದಾಟಿದ್ವಿ. ಇನ್‌ರೀಚ್ ಮಾತಾಡೋದು ಇರಿಡಿಯಂ ಜೊತೆ. ಅವು 66 ಸ್ಯಾಟಲೈಟು, ಸುಮಾರು 780 ಕಿ.ಮೀ. ಮೇಲೆ, ಆರು ಸಾಲಲ್ಲಿ, ಎಲ್ಲವೂ ಹೆಚ್ಚುಕಮ್ಮಿ ಧ್ರುವದ ಮೇಲೇ ಹಾದು ಹೋಗ್ತವೆ, ಅಂದ್ರೆ ಉತ್ತರಕ್ಕೆ ಹೋದಷ್ಟೂ ತಲೆ ಮೇಲೆ ಜಾಸ್ತಿ ಸಿಗ್ತವೆ. ಬೇರೆ ಕೆಲವು ನೆಟ್‌ವರ್ಕ್ ಸೋಲೋ ಕಡೆ ಇದಕ್ಕೆ ಬಲ ಬರೋದು ನೋಡಿ ನಂಗೆ ನಿಜಕ್ಕೂ ಖುಷಿ ಆಯ್ತು.

ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ, ಫಿಂಗರ್ ಮೌಂಟನ್‌ಗೆ ಇನ್ನೇನು ನಾಲ್ಕೈದು ಮೈಲಿ ಇರೋವಾಗ, ಹಿಂದಿನ ಟೈರ್ ಹೋಯ್ತು. ಚೂಪು ಕಲ್ಲು, ಸೈಡ್‌ವಾಲ್‌ನಲ್ಲಿ ಎರಡು ಬೆರಳು ಉದ್ದ ಸೀಳಿತ್ತು. ಈ ರಸ್ತೆಗೆ ಅಂತಾನೇ ಬಾಡಿಗೆಗೆ ಕೊಡೋ ಗಾಡಿ, ಎರಡು ಸ್ಟೆಪ್ನಿ ಮತ್ತೆ ಸಿಬಿ ರೇಡಿಯೋ ಕೊಟ್ಟಿದ್ರು. ರೇಡಿಯೋದ 19ನೇ ಚಾನೆಲ್‌ನಲ್ಲಿ ಲಾರಿಯವರಿಗೆ ನಾವು ಎಲ್ಲಿ ನಿಂತಿದೀವಿ ಅಂತ ಹೇಳಿದ್ವಿ, ಐದು ನಿಮಿಷಕ್ಕೆ ಒಂದು ದೊಡ್ಡ ಲಾರಿ ಧೂಳೆಬ್ಬಿಸ್ಕೊಂಡು ಬಂದಿದ್ದು ಹತ್ರ ಬಂದು ನಿಧಾನ ಮಾಡ್ತು, ಡ್ರೈವರ್ ಕೈ ತೋರಿಸಿ ಓಕೆನಾ ಅಂತ ಕೇಳಿ ಹೋದ. ಆದ್ರೆ ಕೆಸರು ಮಣ್ಣಲ್ಲಿ ಜಾಕ್ ಕೂತ್ಕೋತಾ ಇರ್ಲಿಲ್ಲ, ಎರಡು ಸಲ ಜಾರ್ತು, ಹಲಗೆ ತುಂಡು ಹುಡುಕಿ ಕೆಳಗಿಟ್ಟು ಮಾಡೋ ಹೊತ್ತಿಗೆ ಒಂದೂವರೆ ಗಂಟೆ ಆಗಿತ್ತು.

ಇನ್‌ರೀಚ್ ಹತ್ತತ್ತು ನಿಮಿಷಕ್ಕೆ ಒಂದು ಚುಕ್ಕೆ ಮ್ಯಾಪ್ ಮೇಲೆ ಇಡ್ತಿರುತ್ತೆ, ಆ ಲಿಂಕು ಹೆಂಡ್ತಿ ಹತ್ರ ಮತ್ತೆ ಊರಲ್ಲಿ ಅಪ್ಪಯ್ಯನ ಹತ್ರ ಇದೆ. ಚುಕ್ಕೆ ಒಂದೇ ಕಡೆ ನಿಂತ್ರೆ ನೋಡೋರಿಗೆ ಹೇಗಾಗುತ್ತೆ ಅಂತ ನಂಗೆ ಹೊಳೆದಿದ್ದು ಟೈರ್ ಬಿಚ್ಚೋವಾಗ. ಕೈ ಗ್ರೀಸ್ ಆಗಿತ್ತು, ಅದ್ರಲ್ಲೇ ಹೊಡೆದೆ, "ಟೈರ್ ಪಂಕ್ಚರ್. ಗಾಡಿ ಸೈಡಲ್ಲಿದೆ. ಮೂರೂ ಜನ ಆರಾಮ. ಸ್ಟೆಪ್ನಿ ಹಾಕ್ತಿದೀವಿ." ಗಾಡಿ ಬಾನೆಟ್ ಮೇಲೆ ಇಟ್ಟು ಕಾದೆ. ಎರಡು ನಿಮಿಷಕ್ಕೆ ಹೋಯ್ತು, ಹತ್ತು ನಿಮಿಷಕ್ಕೆ ಉತ್ತರ, "ನೋಡಿದೆ. ಈಗಷ್ಟೇ ಯೋಚನೆ ಶುರುವಾಗಿತ್ತು. ನಿಧಾನ ಮಾಡಿ." ಎಸ್‌ಒಎಸ್ ಗುಂಡಿ ಒತ್ತಿದ್ರೆ ಟೆಕ್ಸಸ್‌ನಲ್ಲಿ ಹಗಲೂ ರಾತ್ರಿ ಕೂತಿರೋ ಕೇಂದ್ರಕ್ಕೆ ಹೋಗುತ್ತೆ, ಅಲ್ಲಿಂದ ರಕ್ಷಣಾ ತಂಡ ಹೊರಡುತ್ತೆ. ಅದು ಜೀವ ಹೋಗೋ ಹೊತ್ತಿಗೆ ಇರೋದು, ಪಂಕ್ಚರ್‌ಗಲ್ಲ, ಇದನ್ನ ಹೋಗೋರೆಲ್ಲ ತಲೇಲಿಟ್ಕೋಬೇಕು.

ಆರ್ಕ್ಟಿಕ್ ವೃತ್ತದ ಬೋರ್ಡ್ ಹತ್ರ ಎಲ್ಲರೂ ತೆಗೆಸ್ಕೊಳ್ಳೋ ಫೋಟೋ ನಾವೂ ತೆಗೆಸ್ಕೊಂಡ್ವಿ. ಅಲ್ಲಿಂದ ಮುಂದೆ ರಸ್ತೆ ಪಕ್ಕದ ಬರ್ಚ್ ಮರಗಳೆಲ್ಲ ಹಳದಿ, ನೆಲದ ಕುರುಚಲು ಪೂರ್ತಿ ಕೆಂಪು, ಪಕ್ಕದಲ್ಲೇ ಕಾಲು ಊರಿಕೊಂಡು ಪೈಪ್‌ಲೈನ್.

ಸಂಜೆ ಕೋಲ್ಡ್‌ಫುಟ್ ದಾಟಿ ಐದು ಮೈಲಿ, ಮೇರಿಯನ್ ಕ್ರೀಕ್ ಕ್ಯಾಂಪ್‌ಗ್ರೌಂಡಲ್ಲಿ ಟೆಂಟ್ ಹಾಕಿದ್ವಿ. ಮೂರನೇ ಗೆಳೆಯ ಸ್ಯಾಟಲೈಟ್ ಇಂಟರ್ನೆಟ್ ಹಿಡಿಯೋ ಸ್ಟಾರ್‌ಲಿಂಕ್ ಮಿನಿ ತಂದಿದ್ದ, ಲ್ಯಾಪ್‌ಟಾಪ್ ಅಷ್ಟಗಲದ ಬಿಳಿ ಹಲಗೆ, ಒಂದು ಕೆಜಿ ಚಿಲ್ರೆ. ಫೋನ್ ಕ್ಯಾಮೆರಾ ಆಕಾಶಕ್ಕೆ ತಿರುಗಿಸಿದ್ರೆ ಎಲ್ಲಿ ಮರ ಅಡ್ಡ ಬರುತ್ತೆ ಅಂತ ಆ್ಯಪ್ ತೋರಿಸುತ್ತೆ. ಇಲ್ಲಿನ ಸ್ಪ್ರೂಸ್ ಮರ ಬಡಕಲು, ಎರಡು ಕಡೆ ಇಟ್ಟು ನೋಡಿ ಮೂರನೇ ಕಡೆ ಸರಿಯಾಯ್ತು. ಇದು ಇರಿಡಿಯಂ ತರ ಅಕ್ಷರ ಎಣಿಸೋದಲ್ಲ, ಪೂರ್ತಿ ಇಂಟರ್ನೆಟ್ಟು, ಸುಮಾರು 550 ಕಿ.ಮೀ. ಮೇಲಿಂದ. ಪಕ್ಕದ ಟೆಂಟಿನ ಅಲಾಸ್ಕಾದ ಅಜ್ಜ ಒಬ್ರು ನೋಡಿ ಮಾತಿಗೆ ಬಂದ್ರು. 2023ರ ಜೂನ್‌ನಲ್ಲಿ ಸಮುದ್ರದ ತಳದಲ್ಲಿದ್ದ ಫೈಬರ್ ಕೇಬಲ್ಲನ್ನ ಮಂಜುಗಡ್ಡೆ ಕತ್ತರಿಸಿ ನೋಮ್, ಕೊಟ್ಜೆಬ್ಯೂ, ಉಟ್ಕಿಯಾಗ್ವಿಕ್ ಊರುಗಳಿಗೆ ಸೆಪ್ಟೆಂಬರ್ ತನಕ ನೆಟ್ ಸರಿಯಾಗಿರಲಿಲ್ಲ, ಆಗ ಇಂಥ ಹಲಗೆಗಳೇ ಆಸರೆಯಾಗಿದ್ದು ಅಂದ್ರು.

ನಮಗೆ ಸಂಜೆ ಏಳು, ಬಿಸಿಲು ಇನ್ನೂ ಇತ್ತು. ಊರಲ್ಲಿ ಮರುದಿನ ಬೆಳಿಗ್ಗೆ ಎಂಟೂವರೆ. ನಮ್ಮನೆ ತೋಟದ ತಗ್ಗಲ್ಲಿದೆ, ಸಿಗ್ನಲ್ ಬರಲ್ಲ, ಗುಡ್ಡ ಹತ್ತಿ ಗೇರುಮರದ ಹತ್ರ ಹೋಗ್ಬೇಕು. 2020ರ ಲಾಕ್‌ಡೌನಲ್ಲಿ ತಮ್ಮನ ಮಗಳು ಅದೇ ಮರದ ಕೆಳಗೆ ಕೊಡೆ ಹಿಡ್ಕೊಂಡು ಕ್ಲಾಸ್ ಕೇಳಿದ್ದು, ಉತ್ತರ ಕನ್ನಡದಲ್ಲಿ ಆಗ ಎಷ್ಟು ಮಕ್ಕಳು ಹಾಗೆ ಗುಡ್ಡ ಹತ್ತಿದ್ರೋ. ಈಗ ಒಂದು ಟವರ್ ಬಂದಿದೆ, ಆದ್ರೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತೆ.

ಅಪ್ಪಯ್ಯ ಗುಡ್ಡದ ಮೇಲೇ ಕಾಯ್ತಾ ಇದ್ರು. ವಿಡಿಯೋ ಕಾಲ್ ಒಂದೇ ರಿಂಗಿಗೆ ಎತ್ತಿದ್ರು. "ಚುಕ್ಕೆ ನಿಂತೋಗಿತ್ತಲೋ ತಮಾ, ಬೆಳಿಗ್ಗೆ ಬಂದು ನೋಡ್ದಿ" ಅಂದ್ರು. ಪಂಕ್ಚರ್ ಕಥೆ ಹೇಳಿದೆ. ಹಿಂದಿರೋ ಬೆಟ್ಟ ತೋರಿಸ್ತಾ ಇದ್ದೆ, ಅವರ ಮುಖ ಚೌಕ ಚೌಕ ಆಯ್ತು, ಆಮೇಲೆ ನಿಂತೇಹೋಯ್ತು. ನಮ್ಮ ಕಡೆ ಸಿಗ್ನಲ್ ಎಲ್ಲ ಹಸಿರು ತೋರಿಸ್ತಿತ್ತು. ಆರ್ಕ್ಟಿಕ್‌ನಿಂದ ಭೂಮಿ ಸುತ್ತಿ ಬಂದ ಮಾತು ಗೇರುಮರದಿಂದ ಈಚೆ ಸಿಕ್ಕಿಹಾಕ್ಕೊಂಡಿತ್ತು. ಮತ್ತೆ ಮಾಡಿದೆ, ನಾಟ್ ರೀಚಬಲ್.

ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ಭಾರತದಲ್ಲಿ ಲೈಸೆನ್ಸ್ ಸಿಕ್ಕಿದೆ, ಅದು ನಮ್ಮಂಥ ತಗ್ಗಿನ ಮನೆಗಳಿಗೆ ಕೈಗೆಟುಕೋ ದುಡ್ಡಲ್ಲಿ ಬರ್ಲಿ ಅಂತ ಆ ರಾತ್ರಿ ಟೆಂಟಲ್ಲಿ ಮಲಗ್ಕೊಂಡು ಮನಸಾರೆ ಅಂದ್ಕೊಂಡೆ. ಇನ್‌ರೀಚನ್ನ ಮಾತ್ರ ಊರಿಗೆ ಒಯ್ಯೋ ಹಾಗಿಲ್ಲ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಭಾರತದಲ್ಲಿ ಇಟ್ಕೊಳ್ಳೋದು ಅಪರಾಧ, ವಿದೇಶಿ ಚಾರಣಿಗರನ್ನ ಏರ್‌ಪೋರ್ಟಲ್ಲೇ ಹಿಡಿದ ಪ್ರಕರಣಗಳಿವೆ, ಇಲ್ಲಿಂದ ಹೋಗೋ ಯಾರೂ ಬ್ಯಾಗಲ್ಲಿ ಮರೆತು ಒಯ್ಬೇಡಿ.

ಮರುದಿನ ಅಟಿಗನ್ ಪಾಸ್ ಹತ್ತಿದ್ವಿ, 4,739 ಅಡಿ, ಮೇಲೆ ಆಗ್ಲೇ ತೆಳ್ಳಗೆ ಹಿಮ. ಬಂಡೆ ಮೇಲೆ ಬಿಳಿ ಡಾಲ್ ಕುರಿಗಳನ್ನ ಬೈನಾಕ್ಯುಲರಲ್ಲಿ ನೋಡ್ತಾ ಇದ್ದಾಗ ಡ್ಯಾಶ್‌ಬೋರ್ಡ್ ಮೇಲಿದ್ದ ಇನ್‌ರೀಚ್ ಕೂಗ್ತು. ಅಪ್ಪಯ್ಯ ವಾಟ್ಸಾಪಲ್ಲಿ ಕಳಿಸಿದ್ದನ್ನ ಹೆಂಡ್ತಿ ಹಾಗೇ ಅಕ್ಷರ ಅಕ್ಷರ ಟೈಪ್ ಮಾಡಿದ್ಲು, "ಮಳೆ ಬಂತು, ಮನಿಗೆ ಬಂದಿ. ಎಲ್ಲಾ ಆರಾಮು. ಗಾಡಿ ನಿಧಾನಕ್ಕೆ ಹೊಡಿ. ನಾಳೆ ಮತ್ತೆ ಗುಡ್ಡ ಹತ್ತಿ ಚುಕ್ಕೆ ನೋಡ್ತಿ."