ಆಟದಲ್ಲಿ ಫಸ್ಟ್ ಬಂದವಳು ಅವಳು, ಕೈಕಟ್ಟಿ ನಿಂತವಳು ನಾನು

ಆ ಸಿಸಿಟಿವಿ ತುಣುಕನ್ನು ಏಳೆಂಟು ಸಲ ನೋಡಿದ್ದೇನೆ. ಧ್ವನಿ ಇಲ್ಲ, ಬಣ್ಣವೂ ಅಷ್ಟಕ್ಕಷ್ಟೇ. ಮೂಲೆಯಲ್ಲಿ ಟೈಮ್ ಓಡುತ್ತಿರುತ್ತದೆ. ಲಿಫ್ಟ್ ಮುಂದೆ ಒಬ್ಬರು ಬಿದ್ದಿದ್ದಾರೆ, ಪಕ್ಕದಲ್ಲಿ ನಮ್ಮ ಸ್ಟಾಫ್ ನರ್ಸ್ ಒಬ್ಬಳು ಮೊಣಕಾಲೂರಿ ಕೂತಿದ್ದಾಳೆ, ಮೂರು ಹೆಜ್ಜೆ ಆಚೆ ಇನ್ನೊಬ್ಬಳು ಕೈಕಟ್ಟಿಕೊಂಡು ನಿಂತಿದ್ದಾಳೆ. ಆ ಇನ್ನೊಬ್ಬಳು ನಾನು. ಬಿಎಲ್‌ಎಸ್ ಇನ್‌ಸ್ಟ್ರಕ್ಟರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ಬದುಕಿಸುವ ಸಿಪಿಆರ್ ಕಲಿಸುವವಳು.

ಹಿಂದಿನ ಕಥೆ ಸ್ವಲ್ಪ ಹೇಳಬೇಕು. ಆ ವರ್ಷ ನಮ್ಮ ಮೇಲಿನವರಿಗೆ ಗೇಮ್ ಹುಚ್ಚು ಹಿಡಿದಿತ್ತು. ವೆಂಡರ್ ಬಂದು ಡೆಮೊ ಕೊಟ್ಟು ಹೋಗಿದ್ದ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ 2020ರ ಗೈಡ್‌ಲೈನ್‌ನಲ್ಲಿ, ಗೇಮ್ ಮೂಲಕ ಕಲಿಸುವುದನ್ನು ಪರಿಗಣಿಸಬಹುದು ಅಂತ ಒಂದು ಸಾಲಿದೆ. ಆ ಸಾಲು ಸ್ಲೈಡಿನಲ್ಲಿ ಹಳದಿ ಬಳಿದುಕೊಂಡು ಮಿಂಚುತ್ತಿತ್ತು. ಒಂದೇ ದಿನ ಕ್ಲಾಸ್ ಮಾಡಿ ಕೈತೊಳೆದುಕೊಂಡರೆ ಸಾಲದು, ನಡುನಡುವೆ ಬೂಸ್ಟರ್ ಸೆಶನ್ ಬೇಕೇ ಬೇಕು ಅಂತಲೂ ಅದೇ ಗೈಡ್‌ಲೈನ್ ಹೇಳುತ್ತದೆ, ಅದೂ ಇನ್ನಷ್ಟು ಗಟ್ಟಿಯಾಗಿ. ಆ ಸಾಲಿಗೆ ಹಳದಿ ಬಳಿಯಲು ಯಾರಿಗೂ ಪುರುಸೊತ್ತು ಆಗಿರಲಿಲ್ಲ. ಬೂಸ್ಟರ್ ಅಂದರೆ ಡ್ಯೂಟಿಯಿಂದ ಜನರನ್ನು ಬಿಡಿಸಿ ಕಳಿಸಬೇಕಲ್ಲ!

"ವಿಡಿಯೊ ವರ್ಸಸ್ ಗೇಮ್ ಒಂದು ಕಂಪ್ಯಾರಿಸನ್ ಮಾಡಿ ಕೊಡಿ ಸಿಸ್ಟರ್, ಎರಡು ಸ್ಲೈಡ್ ಸಾಕು" ಅಂದರು. ಮಾಡಿದೆ. ಒಂದು ಬ್ಯಾಚಿಗೆ ನಮ್ಮ ಹಳೇ ವಿಡಿಯೊ. ಪರದೆಯ ಮೇಲೆ ಅವರು ಒತ್ತುತ್ತಿದ್ದ ಹಾಗೆ ಇಲ್ಲಿ ಇವರೂ ಮ್ಯಾನಿಕಿನ್ ಅನ್ನೋ ಅಭ್ಯಾಸದ ಗೊಂಬೆಯ ಎದೆ ಒತ್ತಬೇಕು, ಅವರು ನಿಲ್ಲಿಸಿದಾಗ ನಿಲ್ಲಿಸಬೇಕು. ಇನ್ನೊಂದು ಬ್ಯಾಚಿಗೆ ಟ್ಯಾಬ್ಲೆಟ್. ಕೂಗಿ ನೋಡು, ಸಹಾಯಕ್ಕೆ ಕರೆ, ಉಸಿರು ನೋಡು, ಬೆರಳಲ್ಲಿ ಪರದೆ ತಟ್ಟಿ ಲಯ ಹಿಡಿ, ಎಇಡಿ (ಹೃದಯಕ್ಕೆ ಶಾಕ್ ಕೊಡುವ ಮೆಷಿನ್) ಪ್ಯಾಡ್ ಎಳೆದು ಸರಿಯಾದ ಜಾಗಕ್ಕೆ ಬಿಡು. ಲಯ ನಿಮಿಷಕ್ಕೆ 100ರಿಂದ 120ರ ಒಳಗಿದ್ದರೆ ಹಸಿರು, ತಪ್ಪಿದರೆ ಕೆಂಪು. ಕೊನೆಗೆ ನಕ್ಷತ್ರಗಳು, ಲೀಡರ್‌ಬೋರ್ಡ್.

ಗೇಮ್ ಕೆಟ್ಟದ್ದು ಅಂತ ನಾನು ಹೇಳೋದಿಲ್ಲ. ಅದು ಬಂದ ಮೇಲೆ ಕ್ಯಾಂಟೀನಲ್ಲಿ ಸಿಪಿಆರ್ ಬಗ್ಗೆ ಮಾತು ಕೇಳಿಸಿತು. ಇಷ್ಟು ವರ್ಷದಲ್ಲಿ ಅದು ಮೊದಲ ಸಲ. "ನಿಂಗೆಷ್ಟು ಸ್ಟಾರ್ ಬಂತು?" ಅಂತ ಕೇಳೋದು, ಸೋತವರು ಮತ್ತೆ ಆಡೋದು. ವಿಡಿಯೊ ಬ್ಯಾಚಿನವರಲ್ಲಿ ಇಬ್ಬರು ನಿದ್ದೆ ಮಾಡಿದರು. ಅದರಲ್ಲೊಬ್ಬರು ಸೆಕ್ಯೂರಿಟಿ ಬ್ರದರ್, ಗೊರಕೆ ಹೊಡೆದರು ಅಂತಲೇ ಹೇಳಬೇಕು.

ಪೋಸ್ಟ್-ಟೆಸ್ಟ್‌ನಲ್ಲಿ ಗೇಮ್ ಬ್ಯಾಚ್ ಬಹಳ ಮುಂದೆ ಹೋಯಿತು. ನಾನು ಎರಡು ಸ್ಲೈಡ್ ಮಾಡಿ "ಗೇಮ್ ಉತ್ತಮ" ಅಂತ ಬರೆದು ಕಳಿಸಿಬಿಟ್ಟೆ.

ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ವಿಡಿಯೊ ಬ್ಯಾಚಿನಲ್ಲಿ ಅರ್ಧ ಜನ ನೈಟ್ ಮುಗಿಸಿ ನೇರ ಹಾಲ್‌ಗೆ ಬಂದವರು. ಗೇಮ್ ಬ್ಯಾಚಿನವರು ಟ್ಯಾಬ್ ವಾರ್ಡಿಗೆ ತಗೊಂಡು ಹೋಗಿ ಬೇಕಾದಾಗ ಆಡಿದವರು, ಒಬ್ಬೊಬ್ಬರು ಐದಾರು ಸಲ. ನಾನು ಹೋಲಿಸಿದ್ದು ವಿಡಿಯೊ ಮತ್ತು ಗೇಮನ್ನಲ್ಲ, ನಿದ್ದೆಗೆಟ್ಟವರನ್ನು ಮತ್ತು ಎಚ್ಚರ ಇದ್ದವರನ್ನು. ಟೆಸ್ಟ್ ಆದರೂ ಏನು? ಎಂಸಿಕ್ಯೂ. ನಾಲ್ಕರಲ್ಲಿ ಒಂದನ್ನು ಆರಿಸು. ಗೇಮ್ ಕಲಿಸೋದೂ ಅದನ್ನೇ. ಸ್ಕಿಲ್ ಟೆಸ್ಟ್ ಮಾಡಿರಲೇ ಇಲ್ಲ. ಇದ್ದ ಮ್ಯಾನಿಕಿನ್‌ಗಳಲ್ಲಿ ಒಂದರ ಕ್ಲಿಕ್ಕರ್ ಕೆಟ್ಟಿತ್ತು, ಲಂಗ್ ಬ್ಯಾಗ್ ಸ್ಟಾಕ್ ಮುಗಿದಿತ್ತು, ತರಿಸೋಕೆ ಬರೆದ ಇಂಡೆಂಟ್ ಎಲ್ಲೋ ಮೇಜಿನ ಮೇಲೆ ಮಲಗಿತ್ತು. ಸ್ಕಿಲ್ ಟೆಸ್ಟ್ ಇಲ್ಲ ಅಂತ ಸ್ಲೈಡಿನಲ್ಲಿ ಒಂದು ಸಾಲು ಬರೆಯಬಹುದಿತ್ತು. ಬರೆಯಲಿಲ್ಲ.

ರಿಪೋರ್ಟ್ ಕೊಟ್ಟು ಮೂರು ವಾರ ಆಗಿರಬೇಕು. ಮಾಕ್ ಡ್ರಿಲ್ ವಾರ ಅದು. ಕ್ಲಿಪ್‌ಬೋರ್ಡ್ ಹಿಡಿದು ಯಾವುದಾದರೂ ವಾರ್ಡಿಗೆ ನುಗ್ಗಿ, ಮ್ಯಾನಿಕಿನ್ ನೆಲಕ್ಕೆ ಹಾಕಿ, ಸ್ಟಾಪ್‌ವಾಚ್ ಒತ್ತೋದು ನನ್ನ ಕೆಲಸ. ನನ್ನನ್ನು ಕಂಡರೆ ಸಾಕು, ಎಲ್ಲರೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು.

ಲಿಫ್ಟ್ ಕಡೆ ಕೂಗು ಕೇಳಿ ಹೋದೆ. ಯಾವುದೋ ಪೇಷೆಂಟ್ ಕಡೆಯವರು, ಐವತ್ತರ ಆಸುಪಾಸು, ಅಂಗಾತ ಬಿದ್ದಿದ್ದರು. ನನಗಿಂತ ಮೊದಲೇ ಅವಳು ಅಲ್ಲಿದ್ದಳು. ಲೀಡರ್‌ಬೋರ್ಡಿನಲ್ಲಿ ಮೊದಲನೆಯವಳು. ಭುಜ ತಟ್ಟಿದಳು, ಜೋರಾಗಿ ಕೂಗಿದಳು, ಸುತ್ತ ನೋಡಿದಳು. ಎಲ್ಲಾ ಸರಿಯಾದ ಕ್ರಮ. ಆಮೇಲೆ ಮುಖ, ಎದೆ ನೋಡಿದಳು.

ಆಗ ಆ ಮನುಷ್ಯ ಬಾಯಿ ತೆರೆದರು. ನೀರಿನಿಂದ ಹೊರಗೆ ಬಿದ್ದ ಮೀನಿನ ಹಾಗೆ ಒಂದು ಸಲ ಗಾಳಿ ಎಳೆದುಕೊಂಡರು, ಗೊರ್ ಅಂತ ಸದ್ದು, ಆಮೇಲೆ ಏನೂ ಇಲ್ಲ. "ಉಸಿರಾಡ್ತಿದ್ದಾರೆ" ಅಂದಳು. ಅವರ ತೋಳು ಹಿಡಿದು ಪಕ್ಕಕ್ಕೆ ಹೊರಳಿಸೋಕೆ ಶುರು ಮಾಡಿದಳು.

ಅದು ಉಸಿರಲ್ಲ, ಗ್ಯಾಸ್ಪ್. ಹೃದಯ ನಿಂತ ಮೊದಲ ಕೆಲವು ನಿಮಿಷ ಹೀಗೆ ಆಗೋದುಂಟು, ನೋಡಿದವರಿಗೆ ಉಸಿರು ಅಂತ ಅನ್ನಿಸುತ್ತದೆ, ಅಲ್ಲೇ ಮೋಸ ಹೋಗೋದು. ನನಗೆ ಅದು ಆ ಕ್ಷಣವೇ ಗೊತ್ತಾಯಿತು, ಗೊತ್ತಾಗಲಿಲ್ಲ ಅಂತ ಸುಳ್ಳು ಹೇಳಲಾರೆ. ಗೊತ್ತಾಗಿ ನಾನೇನು ಮಾಡಿದೆ? ನಿಂತೆ. ತಲೆಯೊಳಗೆ ಚೆಕ್‌ಲಿಸ್ಟ್ ತೆರೆದುಕೊಂಡಿತು. "ಬ್ರೀದಿಂಗ್ ಚೆಕ್" ಅನ್ನೋ ಸಾಲಿನ ಮುಂದೆ ತಪ್ಪು ಗುರುತು ಹಾಕಿದೆ. ಈಗ ಸರಿ ಮಾಡ್ಕೋತಾಳೆ ನೋಡೋಣ ಅಂತ ಕಾದೆ. ಕ್ಲಾಸಲ್ಲಿ ನಾನು ಮಾಡೋದೇ ಹಾಗೆ, ತಕ್ಷಣ ಬಾಯಿ ಹಾಕೋದಿಲ್ಲ, ಅವರಾಗಿಯೇ ತಿದ್ದಿಕೊಳ್ಳಲಿ ಅಂತ ಬಿಡ್ತೀನಿ. ಒಳ್ಳೆಯ ಇನ್‌ಸ್ಟ್ರಕ್ಟರ್ ಅನ್ನಿಸಿಕೊಂಡಿದ್ದೂ ಅದಕ್ಕೇ.

ಎರಡನೇ ಗ್ಯಾಸ್ಪ್ ಬಂತು. ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು. ಸರಿಯೋ ತಪ್ಪೋ ಅಂತ ನನ್ನ ಮುಖದಲ್ಲಿ ಹುಡುಕುತ್ತಿದ್ದಳು. ನಾನು ಮುಖದಲ್ಲಿ ಏನೂ ತೋರಿಸಲಿಲ್ಲ. ಅದೂ ಅಭ್ಯಾಸವೇ.

ಅಷ್ಟರಲ್ಲಿ ಸೆಕ್ಯೂರಿಟಿ ಬ್ರದರ್ ಓಡಿ ಬಂದು ನನ್ನ ಕ್ಲಿಪ್‌ಬೋರ್ಡ್ ನೋಡಿ ಕೇಳಿದರು: "ಮೇಡಂ, ಇದು ಮಾಕ್ ತಾನೇ?"

ಕ್ಲಿಪ್‌ಬೋರ್ಡ್ ಎಲ್ಲಿ ಎಸೆದೆನೋ ನೆನಪಿಲ್ಲ. "ಇದು ನಿಜ! ಕೋಡ್ ಬ್ಲೂ ಹೇಳಿ, ಎಇಡಿ ತನ್ನಿ" ಅಂತ ಕೂಗಿ ಮೊಣಕಾಲೂರಿ ಒತ್ತೋಕೆ ಶುರು ಮಾಡಿದೆ. ಸಿಸಿಟಿವಿ ಪ್ರಕಾರ ನಾನು ನಿಂತಿದ್ದು 19 ಸೆಕೆಂಡು. ಜಾಸ್ತಿ ಏನಲ್ಲ ಅನ್ನಿಸಬಹುದು. ಕಂಪ್ರೆಶನ್ನೂ (ಎದೆ ಒತ್ತುವುದು) ಶಾಕ್ಕೂ ಇಲ್ಲದೆ ಹೋಗುವ ಒಂದೊಂದು ನಿಮಿಷಕ್ಕೆ ಬದುಕುವ ಅವಕಾಶ ಶೇಕಡ 7ರಿಂದ 10ರಷ್ಟು ಇಳಿಯುತ್ತದೆ ಅಂತ ಪ್ರತಿ ಬ್ಯಾಚಿಗೂ ಹೇಳೋದು ಯಾರು? ನಾನೇ.

ಎರಡು ನಿಮಿಷಕ್ಕೆ ಕೈ ಬದಲಾಯಿಸಬೇಕು. ಬ್ರದರ್ ಎಇಡಿ ತಂದು ಅವಳ ಕೈಗೆ ಕೊಟ್ಟು ನನ್ನ ಜಾಗಕ್ಕೆ ಬಂದರು. ಗೊರಕೆ ಹೊಡೆದ ಅದೇ ಬ್ರದರ್. ಆದರೆ ಕ್ಲಾಸಲ್ಲಿ ಎಚ್ಚರ ಇದ್ದಷ್ಟು ಹೊತ್ತೂ ಅವರು ಮ್ಯಾನಿಕಿನ್ ಒತ್ತಿದ್ದರು. ಮೊಣಕೈ ನೆಟ್ಟಗೆ, ಭುಜ ನೇರ ಮೇಲೆ, ಐದು ಸೆಂಟಿಮೀಟರ್ ಒಳಗೆ ಹೋಗೋದು ಕಣ್ಣಿಗೆ ಕಾಣುತ್ತಿತ್ತು, ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಡುತ್ತಿದ್ದರು. ಲಯ ಮಾತ್ರ ನಿಧಾನ. ಆಗ ಅವಳು, ಕೈಯಲ್ಲಿ ಪ್ಯಾಡ್ ಪ್ಯಾಕೆಟ್ ಹರೀತಾನೇ, "ಇನ್ನೂ ಫಾಸ್ಟ್ ಬ್ರದರ್" ಅಂತ ಎಣಿಸೋಕೆ ಶುರು ಮಾಡಿದಳು. ಎಷ್ಟು ಖಚಿತವಾಗಿತ್ತು ಆ ಎಣಿಕೆ! ಟ್ಯಾಬ್ ಮೇಲೆ ಕುಟ್ಟಿ ಕುಟ್ಟಿ ಮೈಗೆ ಹತ್ತಿದ ಲಯ ಅದು.

ಪ್ಯಾಡ್ ಜಾಗ ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು. ಬಲಗಡೆ ಕಾಲರ್ ಬೋನ್ ಕೆಳಗೊಂದು, ಎಡಗಡೆ ಕಂಕುಳ ಕೆಳಗೊಂದು. ಆದರೆ ಹಚ್ಚುವ ಮೊದಲು ಅವಳು "ಸ್ಟಾಪ್" ಅಂದಳು, ಬ್ರದರ್ ನಿಲ್ಲಿಸಿಯೇಬಿಟ್ಟರು. "ಒತ್ತಿ, ಒತ್ತಿ, ಅವಳು ಹಚ್ಚುತ್ತಾಳೆ, ನೀವು ನಿಲ್ಲಿಸಬೇಡಿ" ಅಂತ ನಾನು ಚೀರಿದೆ. ಮೆಷಿನ್ ಅನಲೈಸ್ ಮಾಡ್ತೀನಿ ಅಂತ ಹೇಳಿದಾಗ ಮಾತ್ರ ಕೈ ತೆಗೆಯಬೇಕು, ಪ್ಯಾಡ್ ಹಚ್ಚೋವಾಗ ಅಲ್ಲ. ಶಾಕ್ ಆಯಿತು, ತಕ್ಷಣ ಮತ್ತೆ ಒತ್ತಿದೆವು, ಕೋಡ್ ಬ್ಲೂ ಕೇಳಿದರೆ ಓಡಿ ಬರುವ ಕೋಡ್ ಟೀಮ್ ಬಂತು, ಎರಡನೇ ಶಾಕ್ ಆದ ಮೇಲೆ ಪಲ್ಸ್ ಸಿಕ್ಕಿತು. ಅವರು ಬದುಕಿದರು, ಆಮೇಲೆ ನಡೆದುಕೊಂಡೇ ಮನೆಗೆ ಹೋದರು. ಎಲ್ಲರೂ ಬೆನ್ನು ತಟ್ಟಿದರು. ಆ 19 ಸೆಕೆಂಡಿನ ಬಗ್ಗೆ ಯಾರೂ ಕೇಳಲಿಲ್ಲ. ಡಿಬ್ರೀಫ್‌ನಲ್ಲಿ ನಾನೇ ಹೇಳಿಕೊಂಡೆ. ಹೇಳೋದಾ ಬೇಡವಾ ಅಂತ ಒಂದು ರಾತ್ರಿ ಯೋಚಿಸಿದ ಮೇಲೆ.

ಅವಳು ಅಳ್ತಾ ಹೇಳಿದ್ದು ಒಂದೇ ಮಾತು: "ಮೇಡಂ, ಗೇಮಲ್ಲಿ ಉಸಿರು ಇದೆ, ಉಸಿರು ಇಲ್ಲ ಅಂತ ಎರಡೇ ಬಟನ್ ಇರೋದು."

ಆ ರಾತ್ರಿ ಗೇಮ್ ತೆರೆದು ಮತ್ತೆ ಆಡಿದೆ. ಹೌದು, ಎರಡೇ ಬಟನ್. ಉಸಿರು ಇದ್ದರೆ ಎದೆ ಚೆಂದವಾಗಿ ಏರಿಳಿಯುತ್ತದೆ, ಇಲ್ಲದಿದ್ದರೆ ಕಲ್ಲಿನ ಹಾಗೆ ನಿಶ್ಚಲ. ಗ್ಯಾಸ್ಪ್ ಅನ್ನೋದೇ ಆ ಲೋಕದಲ್ಲಿಲ್ಲ. ಇನ್ನೊಂದೂ ಕಣ್ಣಿಗೆ ಬಿತ್ತು. ಕಂಪ್ರೆಶನ್ ಒಂದು ಲೆವೆಲ್, ಎಇಡಿ ಮುಂದಿನ ಲೆವೆಲ್. ಆ ಲೆವೆಲ್ ಮುಗಿದ ಮೇಲೇ ಇದು ತೆರೆಯೋದು. ಹಾಗಾಗಿ ಪ್ಯಾಡ್ ಹಚ್ಚುವಾಗ ಒತ್ತುವುದು ನಿಲ್ಲಬೇಕು ಅಂತ ಗೇಮ್ ಒಂದು ಮಾತೂ ಹೇಳದೆ ಕಲಿಸಿಬಿಟ್ಟಿದೆ. ಅವಳು ಕಲಿತದ್ದು ತಪ್ಪಲ್ಲ, ಕಲಿಸಿದ್ದನ್ನೇ ಕಲಿತಳು. ಅಪ್ರೂವ್ ಮಾಡುವ ಮುಂಚೆ ನಾನು ಆ ಗೇಮನ್ನು ಮೂರು ಸಲ ಆಡಿದ್ದೆ. ಮೂರು ಸಲವೂ ನಕ್ಷತ್ರ ಎಣಿಸಿದ್ದೆ.

ವಿಡಿಯೊ ಏನು ಸಾಚಾ ಅಂದುಕೊಳ್ಳಬೇಡಿ. ಅದರಲ್ಲಿ ಗ್ಯಾಸ್ಪ್ ತೋರಿಸುವ ಒಂದು ತುಣುಕು ಇದೆ, ನಿಧಾನ, ಬೋರು. ಟೈಮ್ ಆಗ್ತಿದೆ ಅಂತ ಅದನ್ನು ಪ್ರತಿ ಬ್ಯಾಚಲ್ಲೂ ಓಡಿಸಿಬಿಡುತ್ತಿದ್ದವಳು ಇದೇ ನಾನು. ಅದಲ್ಲದೆ ವಿಡಿಯೊದಲ್ಲಿ ಬೀಳುವವರೆಲ್ಲ ಎಷ್ಟು ಶಿಸ್ತಿನವರು ಅಂತೀರಿ! ವಿಶಾಲವಾದ ಜಾಗದಲ್ಲಿ ಅಂಗಾತ ಬೀಳ್ತಾರೆ, ಶರ್ಟ್ ಗುಂಡಿ ಸಲೀಸಾಗಿ ಬಿಚ್ಚುತ್ತದೆ, ಸುತ್ತ ಯಾರೂ ಕಿರುಚೋದಿಲ್ಲ, ಲಿಫ್ಟ್ ಬಾಗಿಲು ಕಾಲಿಗೆ ಬಡಿಯೋದಿಲ್ಲ.

ಮೂರು ತಿಂಗಳ ಮೇಲೆ ಹಟ ಹಿಡಿದು ಎರಡೂ ಬ್ಯಾಚಿಗೆ ಸ್ಕಿಲ್ ಟೆಸ್ಟ್ ಮಾಡಿದೆ. ಆಳ ತೋರಿಸುವ ಫೀಡ್‌ಬ್ಯಾಕ್ ಮ್ಯಾನಿಕಿನ್ ಒಂದನ್ನು ಎರಡು ದಿನಕ್ಕೆ ಎರವಲು ತಂದಿದ್ದೆ. ಎರಡೂ ಬ್ಯಾಚಿನವರ ಸ್ಕಿಲ್ ಇಳಿದಿತ್ತು, ಅದು ನಿರೀಕ್ಷಿಸಿದ್ದೇ. ಮೂರರಿಂದ ಆರು ತಿಂಗಳಲ್ಲಿ ಈ ಸ್ಕಿಲ್ ಸವೆಯುತ್ತದೆ, ಸರ್ಟಿಫಿಕೇಟ್ ಮಾತ್ರ ಎರಡು ವರ್ಷ ಫ್ರೇಮಲ್ಲಿ ನಗುತ್ತಿರುತ್ತದೆ. ಗೇಮ್ ಬ್ಯಾಚಿನವರಿಗೆ ಏನಾದ ಮೇಲೆ ಏನು ಅನ್ನೋದು ಚೆನ್ನಾಗಿ ನೆನಪಿತ್ತು, ಲಯವೂ ಇತ್ತು. ಆದರೆ ಆಳ ಇಲ್ಲ, ಒಂದು ನಿಮಿಷಕ್ಕೆ ಏದುಸಿರು. ಒಬ್ಬಳು ಅಂದಳು, "ಇಷ್ಟು ಗಟ್ಟಿ ಇರುತ್ತೆ ಅಂತ ಗೊತ್ತಿರಲಿಲ್ಲ ಮೇಡಂ." ಗಾಜಿನ ಪರದೆಗೆ ಸ್ಪ್ರಿಂಗ್ ಎಲ್ಲಿಂದ ಬರಬೇಕು? ವಿಡಿಯೊ ಬ್ಯಾಚಿನವರ ಕೈ ಪರವಾಗಿಲ್ಲ, ಆದರೆ ಎಇಡಿ ಬಂದ ತಕ್ಷಣ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಒಂದು ವಿಷಯ ಹೇಳಲೇಬೇಕು. ನಾವು ದಿನಾ ಒತ್ತುವ ಆ್ಯನಿ ಗೊಂಬೆ 1960ರಲ್ಲಿ ಬಂದದ್ದು, ಮಾಡಿದವರು ನಾರ್ವೆಯ ಆಸ್ಮುಂಡ್ ಲಾರ್ಡಾಲ್, ಆಟಿಕೆ ತಯಾರಕರು. ಹಾಗಾಗಿ ಆಟಕ್ಕೂ ಸಿಪಿಆರ್‌ಗೂ ಸಂಬಂಧ ಇಲ್ಲ ಅನ್ನುವ ಹಿರಿಯ ಡಾಕ್ಟರುಗಳ ಮಾತನ್ನು ನಾನು ಒಪ್ಪೋದಿಲ್ಲ. ಆದರೆ ಅವರು ಮಾಡಿದ ಆಟಿಕೆ ತಿರುಗಿ ಒತ್ತುತ್ತಿತ್ತು.

ಈಗ ಎರಡನ್ನೂ ಬಳಸ್ತೀವಿ. ಗೇಮ್ ಮನೆಯಲ್ಲಿ, ಕ್ಲಾಸಿಗೆ ಬರುವ ಮುಂಚೆ. ವಿಡಿಯೊ ಕ್ಲಾಸಲ್ಲಿ, ಕೈ ಕೆಳಗೆ ಮ್ಯಾನಿಕಿನ್ ಇದ್ದಾಗ ಮಾತ್ರ. ಎಂಸಿಕ್ಯೂ ಅಂಕ ರಿಪೋರ್ಟಿಗೆ ಹಾಕೋದು ಬಿಟ್ಟಿದ್ದೇನೆ, ಬಿದ್ದಾಗಿನಿಂದ ಮೊದಲ ಕಂಪ್ರೆಶನ್‌ವರೆಗೆ ಎಷ್ಟು ಸೆಕೆಂಡು ಅಂತ ಬರೀತೀನಿ. ಮೇಲಿನವರು ಮಾತ್ರ ತಿಂಗಳಿಗೊಮ್ಮೆ ಮೇಲ್ ಹಾಕಿ ಗೇಮ್ ಯೂಸೇಜ್ ಎಷ್ಟು ಅಂತ ಕೇಳ್ತಾರೆ, ಲೈಸೆನ್ಸ್ ತಗೊಂಡಾಗಿದೆಯಲ್ಲ. ಫೀಡ್‌ಬ್ಯಾಕ್ ಮ್ಯಾನಿಕಿನ್ ಫೈಲ್ ಎಲ್ಲಿದೆ ಅಂತ ನಾನೂ ಅದೇ ಮೇಲಿಗೆ ಉತ್ತರ ಕೊಡ್ತೀನಿ. ಇಬ್ಬರಿಗೂ ಉತ್ತರ ಸಿಗೋದಿಲ್ಲ. ಡ್ರಿಲ್ ಆದರೆ ಮೊದಲೇ "ಡ್ರಿಲ್, ಡ್ರಿಲ್, ಡ್ರಿಲ್" ಅಂತ ಮೂರು ಸಲ ಕೂಗೋ ನಿಯಮ ತಂದೆ. ಕೂಗಿಲ್ಲ ಅಂದರೆ ನಿಜ ಅಂತ ಲೆಕ್ಕ, ಕ್ಲಿಪ್‌ಬೋರ್ಡ್ ಇದ್ದರೂ ಸರಿ.

ಗ್ಯಾಸ್ಪ್ ಬಗ್ಗೆ ವೆಂಡರ್‌ಗೆ ಬರೆದೆ. ಮುಂದಿನ ವರ್ಶನ್‌ನಲ್ಲಿ ಸೇರಿಸ್ತೀವಿ ಅಂದರು. ಅಲ್ಲಿವರೆಗೆ ಕ್ಲಾಸಲ್ಲಿ ನಮ್ಮ ಸೆಕ್ಯೂರಿಟಿ ಬ್ರದರ್ ನೆಲದ ಮೇಲೆ ಮಲಗಿ ಗ್ಯಾಸ್ಪ್ ಮಾಡಿ ತೋರಿಸ್ತಾರೆ. ಲಿಫ್ಟ್ ಹತ್ತಿರ ನೋಡಿದ್ದನ್ನು ಹಾಗೇ ನೆನಪಿಟ್ಟುಕೊಂಡಿದ್ದಾರೆ. ಕಳೆದ ಬ್ಯಾಚಲ್ಲಿ ನಾನು ಡ್ರಿಲ್ ಅಂತ ಕೂಗೋದನ್ನು ಮರೆತೆ. ಹೊಸದಾಗಿ ಸೇರಿದ ಹುಡುಗಿ ಒಬ್ಬಳು ಬ್ರದರ್ ಮುಖ ನೋಡಿದವಳೇ ಗೋಡೆ ಹತ್ತಿರ ಓಡಿ ಫೋನ್ ಎತ್ತಿ ಕೋಡ್ ಬ್ಲೂ ಹೇಳಿಬಿಟ್ಟಳು. ಇಡೀ ಟೀಮ್ ಕ್ರ್ಯಾಶ್ ಕಾರ್ಟ್ ತಳ್ಳಿಕೊಂಡು ಬಂದಾಗ ಬ್ರದರ್ ಎದ್ದು ಕೂತು ಪ್ಯಾಂಟ್ ಧೂಳು ಕೊಡವಿಕೊಳ್ಳುತ್ತಿದ್ದರು. ನನಗೆ ಒಂದು ಶೋಕಾಸ್ ನೋಟಿಸ್ ಬಂತು, ಇನ್ನೂ ಉತ್ತರ ಬರೆದಿಲ್ಲ.