ಜಲಾಶಯಕ್ಕೆ ಬಿಟ್ಟ ಮರಿಗಳ ಮೊದಲ ಗಂಟೆ

ಮೀನುಮರಿ ಕೇಂದ್ರದಲ್ಲಿ ಕೆಲಸ ಮಾಡುವವರನ್ನು ಎಲ್ಲರೂ ಕೇಳುವುದು ಒಂದೇ ಮಾತು: ಈ ವರ್ಷ ಎಷ್ಟು ಲಕ್ಷ ಮರಿ ಬಿಟ್ಟಿರಿ? ಬಿಟ್ಟ ಮೇಲೆ ಅವು ಏನು ಮಾಡಿದವು ಅಂತ ಕೇಳುವವರು ಕಡಿಮೆ. ನನಗೆ ಅದೇ ದೊಡ್ಡ ಪ್ರಶ್ನೆ.

ನಮ್ಮ ಕೊಳದಲ್ಲಿ ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆ ಮೀನುಗಳ ಮರಿಗಳು ಕಡಲೆಕಾಯಿ ಹಿಂಡಿ, ತೌಡು ತಿಂದು ಬೆಳೆಯುತ್ತವೆ. ದಿನಾ ಅದೇ ಹೊತ್ತು, ಅದೇ ಏರಿಯ ಮೇಲಿಂದ ಮೇವು. ಹಾಗಾಗಿ ಏರಿಯ ಮೇಲೆ ಮನುಷ್ಯರ ನೆರಳು ಕಂಡರೆ ಸಾಕು, ಮರಿಗಳು ಮೇಲಕ್ಕೆ ಬರುತ್ತವೆ. ಜಲಾಶಯದಲ್ಲೂ ಈ ಅಭ್ಯಾಸ ಕೂಡಲೇ ಬಿಡುವುದಿಲ್ಲ. ಸಾಗಿಸಿ ತಂದ ಚೀಲದಿಂದ ಹೊರಬಂದ ಮರಿಗಳು ಗಿಡಗಂಟಿಯ ಮರೆ ಹುಡುಕದೆ ಮೇಲುನೀರಿನಲ್ಲೇ ಗುಂಪಾಗಿ ಸುತ್ತುತ್ತವೆ. ಅಲ್ಲಿ ಮೇಲಿಂದ ಬೀಳುವ ನೆರಳು ಮೇವಿನದಲ್ಲ, ಮಿಂಚುಳ್ಳಿಯದು. ನೀರಿನೊಳಗೆ ನೀರುಕಾಗೆ, ಜೊತೆಗೆ ಬಾಳೆಮೀನು, ಕೊರವದಂಥ ಬೇಟೆಮೀನುಗಳು. ಪ್ರಯಾಣದಲ್ಲಿ ದಣಿದ ಮರಿ ತಪ್ಪಿಸಿಕೊಳ್ಳುವುದಾದರೂ ಹೇಗೆ?

ಮರಿಗಳು ದಡ್ಡ ಅಂತ ಇದರ ಅರ್ಥ ಅಲ್ಲ. ಗಾಯಗೊಂಡ ಮೀನಿನ ಚರ್ಮದಿಂದ ಹೊರಬರುವ ವಾಸನೆಗೆ ಉಳಿದ ಮೀನುಗಳು ಬೆದರುತ್ತವೆ ಎಂದು ಪ್ರಾಣಿವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್ 1938ರಲ್ಲೇ ತೋರಿಸಿದ್ದರು. ಅವರು ನೋಡಿದ ಪುಟ್ಟ ಮೀನು ನಮ್ಮ ಗೆಂಡೆಗಳ ಬಳಗದ್ದೇ. ಆ ವಾಸನೆಯ ಜೊತೆ ಬೇಟೆಮೀನಿನ ವಾಸನೆಯೂ ಸೇರಿ ಬಂದರೆ, ಮುಂದೆ ಬೇಟೆಮೀನಿನ ವಾಸನೆಗೇ ಅವು ಅಡಗಲು ಕಲಿಯುತ್ತವೆ. ಕಲಿಯುವ ಶಕ್ತಿ ಇದೆ. ಕೊಳದಲ್ಲಿ ಕಲಿಯುವ ಸಂದರ್ಭ ಮಾತ್ರ ಇಲ್ಲ.

ಈಗ ನಾವು ಕೊಳದೊಳಗೆ ಒಣ ಕೊಂಬೆ ಹಾಕುತ್ತೇವೆ. ಮೇವನ್ನು ಒಂದೇ ಜಾಗದಿಂದ ಎರಚುವುದಿಲ್ಲ. ಜಲಾಶಯಕ್ಕೆ 80ರಿಂದ 100 ಮಿಲಿಮೀಟರ್ ಬಲಿತ ಮರಿಗಳೇ ಬೇಕು ಅಂತ ಹಟ ಹಿಡಿಯುತ್ತೇವೆ, ಏಕೆಂದರೆ ಚಿಕ್ಕ ಮರಿ ಎಲ್ಲ ಬಾಯಿಗೂ ತುತ್ತು. ಸಾಗಿಸುವ ಮುಂಚೆ ಹಾಪಾದಲ್ಲಿ, ಅಂದರೆ ನೀರಿನಲ್ಲಿ ಕಟ್ಟಿದ ಬಲೆಯ ತೊಟ್ಟಿಯಲ್ಲಿ, ಮೇವು ಕೊಡದೆ ಇಡುತ್ತೇವೆ. ದಡಕ್ಕೆ ಬಂದ ಮೇಲೆ ಚೀಲವನ್ನು 15–20 ನಿಮಿಷ ನೀರಿನಲ್ಲಿ ತೇಲಿಸಿ, ಜಲಾಶಯದ ನೀರನ್ನು ಸ್ವಲ್ಪಸ್ವಲ್ಪವೇ ಒಳಗೆ ಬಿಡುತ್ತೇವೆ. ಇದನ್ನು ಅವಸರದಲ್ಲಿ ಮಾಡಿದರೆ ಉಳಿದದ್ದೆಲ್ಲ ಸುಮ್ನೆ.

ಜಾಗದ ವಿಷಯದಲ್ಲಿ ಮಾತ್ರ ಇನ್ನೂ ವಾದ ಮಾಡಬೇಕಾಗುತ್ತದೆ. ಲಾರಿ ನಿಲ್ಲುವ ಕಡೆಯೇ ಎಲ್ಲ ಚೀಲ ಬಿಚ್ಚುವುದು ಸುಲಭ, ಫೋಟೊಗೂ ಅನುಕೂಲ. ಆದರೆ ಒಂದೇ ಕಡೆ ಸುರಿದರೆ ಹಕ್ಕಿಗಳಿಗೆ ಊಟ ಬಡಿಸಿದ ಹಾಗೆ ಅಲ್ವಾ? ತೆಪ್ಪದಲ್ಲಿ ಕೊಂಡೊಯ್ದು, ಜೊಂಡು ಇರುವ ಬೇರೆಬೇರೆ ಅಂಚುಗಳಲ್ಲಿ, ಸಂಜೆ ಬಿಸಿಲು ಇಳಿದ ಮೇಲೆ ಬಿಡಿ. ತೆಪ್ಪದ ಬಾಡಿಗೆಯನ್ನು ಮೊದಲೇ ಖರ್ಚಿನ ಪಟ್ಟಿಯಲ್ಲಿ ಬರೆಸಿಕೊಳ್ಳಿ.